ಸಮಕಾಲೀನ ನೃತ್ಯದ ಮೂಲಕ ಜೊತೆಗೂಡಿ ಕಲಿಯುವ ಬಗೆ

ಸಮಕಾಲೀನ ನೃತ್ಯವನ್ನು ಕಲಿಯಬೇಕೆಂದು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದರ ಹೆಜ್ಜೆಗಳು ಯಾವುವು ಎಂದು. ಎಲ್ಲರೂ ಒಪ್ಪಿಕೊಂಡ ಒಂದೇ ಹೆಜ್ಜೆಗಳ ಕಟ್ಟು ಇಲ್ಲಿ ಇಲ್ಲ. ಅಮೆರಿಕದ ನೃತ್ಯ ಸಂಯೋಜಕಿ ಮಾರ್ಥಾ ಗ್ರಹಾಂ ಉಸಿರಿನ ಏರಿಳಿತದಿಂದ ಮುಂಡದ ಸಂಕೋಚನ ಮತ್ತು ಬಿಡುಗಡೆಯ ಪದ್ಧತಿಯನ್ನು ಕಟ್ಟಿದರು. ಅದೇ ದೇಶದ, ಅವರ ಸಮಕಾಲೀನರಾದ ಡೋರಿಸ್ ಹಂಫ್ರಿ ಬೀಳುವುದು ಮತ್ತು ಚೇತರಿಸಿಕೊಳ್ಳುವುದರ ನಡುವಿನ ಕ್ಷಣದಲ್ಲಿ ನೃತ್ಯವನ್ನು ಕಂಡರು. ಇಂತಹ ಪದ್ಧತಿಗಳು ಹಲವಿದ್ದರೂ ಯಾವುದೊಂದೂ ಸಮಕಾಲೀನ ನೃತ್ಯದ ಪೂರ್ಣ ರೂಪವಲ್ಲ. 1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಸ್ಮಾರಕ ಚರ್ಚಿನಲ್ಲಿ ಪ್ರಯೋಗಗಳನ್ನು ಆರಂಭಿಸಿದ ಯುವ ಕಲಾವಿದರ ಗುಂಪು ನಡೆಯುವುದು, ಕೂರುವುದು, ವಸ್ತುವೊಂದನ್ನು ಹೊತ್ತು ಸಾಗುವುದು ಮೊದಲಾದ ದಿನನಿತ್ಯದ ಚಲನೆಗಳನ್ನೇ ರಂಗಕ್ಕೆ ತಂದಿತು. ತರಬೇತಿ ಇಲ್ಲದವರಿಗೂ ನೃತ್ಯದ ಬಾಗಿಲು ತೆರೆದದ್ದು ಈ ನಿಲುವಿನಿಂದ ಎಂದು ನಾನು ಭಾವಿಸುತ್ತೇನೆ, ಮತ್ತು ಈ ಮಾರ್ಗದರ್ಶಿಯ ಆಧಾರವೂ ಅದೇ ಆಗಿದೆ.

ಇಲ್ಲಿ ವಿವರಿಸಿರುವುದು ಸಣ್ಣದೊಂದು ಗುಂಪನ್ನು ಸೇರಿಸಿ, ಒಬ್ಬರಿಂದ ಒಬ್ಬರು ಕಲಿಯುವಂತೆ ಅಭ್ಯಾಸ ನಡೆಸುವ ವಿಧಾನವನ್ನು. ಮುಂದೆ ನಿಂತವರ ಹೆಜ್ಜೆಯನ್ನು ಹಿಂದಿನವರು ನಕಲು ಮಾಡುವ ತರಗತಿಯಲ್ಲಿ ಕಣ್ಣುಗಳೆಲ್ಲ ಒಬ್ಬರ ಮೇಲಿರುತ್ತವೆ, ಪಕ್ಕದವರು ಹೇಗೆ ಚಲಿಸುತ್ತಿದ್ದಾರೆಂಬುದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಗುಂಪನ್ನು ನಡೆಸುವವರು ಹೆಜ್ಜೆಗಳನ್ನು ಕೊಡುವ ಬದಲು ಕೆಲಸಗಳನ್ನು ಕೊಡಬೇಕು. ಇನ್ನೊಬ್ಬರನ್ನು ಗಮನಿಸದೆ ಮಾಡಲು ಸಾಧ್ಯವೇ ಇಲ್ಲದಂತಹ ಕೆಲಸವನ್ನು ಯೋಚಿಸಿ ಕೊಡುವುದೇ ಅವರ ಮುಖ್ಯ ಹೊಣೆ.

ಮೊದಲ ಸಿದ್ಧತೆ

ಎಂಟರಿಂದ ಹನ್ನೆರಡು ಜನರ ಗುಂಪು ಆರಂಭಕ್ಕೆ ಅನುಕೂಲ. ಅದಕ್ಕಿಂತ ಕಡಿಮೆಯಾದರೆ ಪ್ರತಿಯೊಬ್ಬರ ಮೇಲೂ ನೋಟದ ಒತ್ತಡ ಹೆಚ್ಚುತ್ತದೆ, ಹೆಚ್ಚಾದರೆ ನಡೆಸುವವರಿಗೆ ಎಲ್ಲರ ಸುರಕ್ಷತೆಯ ಮೇಲೆ ಕಣ್ಣಿಡುವುದು ಕಷ್ಟವಾಗುತ್ತದೆ. ಒಂದೂವರೆ ಗಂಟೆಯ ಅವಧಿ ಸಾಕು. ನೆಲ ಸಮತಟ್ಟಾಗಿ, ಸ್ವಚ್ಛವಾಗಿ, ಜಾರದಂತೆ ಇರಬೇಕು. ಮರದ ನೆಲ ಸ್ವಲ್ಪ ಬಾಗಿ ಕಾಲಿನ ಹೊಡೆತವನ್ನು ಹೀರಿಕೊಳ್ಳುತ್ತದೆ, ಕಾಂಕ್ರೀಟು ಅಥವಾ ಕಲ್ಲಿನ ನೆಲ ಹೀರಿಕೊಳ್ಳುವುದಿಲ್ಲ. ಗಟ್ಟಿ ನೆಲವೇ ದೊರೆತರೆ ನೆಗೆತಗಳನ್ನು ಪೂರ್ತಿ ಬಿಟ್ಟುಬಿಡಿ ಮತ್ತು ನೆಲದ ಮೇಲೆ ಉರುಳುವ ಅಭ್ಯಾಸಗಳಿಗೆ ಮಂಡಿಯ ಕೆಳಗೆ ಪ್ಯಾಡ್ ಹಾಕಿಸಿ. ಬರಿಗಾಲಿನಲ್ಲಿ ಚಲಿಸುವುದಾದರೆ ಆರಂಭಿಸುವ ಮೊದಲು ನೆಲವನ್ನು ಗುಡಿಸಿ, ಮೊಳೆ ಅಥವಾ ಸೀಳು ಎದ್ದಿದೆಯೇ ಎಂದು ಕೈಯಿಂದ ಸವರಿ ನೋಡಬೇಕು. ಉಂಗುರ, ಕೈಗಡಿಯಾರ, ಬಳೆಗಳನ್ನು ತೆಗೆದಿಡಲು ಹೇಳಿ.

ಕನ್ನಡಿಯಿದ್ದರೆ ಬಟ್ಟೆಯಿಂದ ಮುಚ್ಚಿ. ಇಸ್ರೇಲಿನ ನೃತ್ಯ ಸಂಯೋಜಕ ಓಹಾದ್ ನಹರಿನ್ ರೂಪಿಸಿದ ಗಾಗಾ ಎಂಬ ಚಲನೆಯ ಅಭ್ಯಾಸದಲ್ಲಿ ಕನ್ನಡಿಯನ್ನೇ ಬಳಸುವುದಿಲ್ಲ. ತನ್ನ ಬಿಂಬವನ್ನು ನೋಡುತ್ತಿರುವವರು ತಮ್ಮ ಚಲನೆಯನ್ನು ಒಳಗಿನಿಂದ ಅನುಭವಿಸುವುದನ್ನು ಬಿಟ್ಟು ಹೊರಗಿನಿಂದ ತಿದ್ದತೊಡಗುತ್ತಾರೆ, ಪಕ್ಕದವರನ್ನಂತೂ ಮರೆತೇಬಿಡುತ್ತಾರೆ. ಸಂಗೀತವನ್ನೂ ಮೊದಲ ಕೆಲವು ಭೇಟಿಗಳಲ್ಲಿ ಬಳಸದಿರುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗೀತ ಸಂಯೋಜಕ ಜಾನ್ ಕೇಜ್ ನೃತ್ಯವನ್ನೂ ಸಂಗೀತವನ್ನೂ ಪ್ರತ್ಯೇಕವಾಗಿ ರಚಿಸಿ, ಒಂದು ಇನ್ನೊಂದನ್ನು ಅನುಸರಿಸದೆ ಒಂದೇ ಸಮಯದಲ್ಲಿ ನಡೆಯುವಂತೆ ಮಾಡಿದರು. ನೃತ್ಯಕ್ಕೆ ತಾಳದ ಆಸರೆ ಬೇಕೇಬೇಕೆಂಬುದು ಅದರಿಂದ ಸುಳ್ಳಾಯಿತು. ಮೌನದಲ್ಲಿ ಉಸಿರಿನ ಸದ್ದು, ಪಾದಗಳ ಸದ್ದು ಕೇಳಿಸುತ್ತದೆ ಮತ್ತು ಗುಂಪು ಆ ಸದ್ದುಗಳಿಂದಲೇ ತನ್ನ ಲಯವನ್ನು ಕಂಡುಕೊಳ್ಳುತ್ತದೆ.

ಯಾರಿಗಾದರೂ ಹಳೆಯ ಪೆಟ್ಟು, ಶಸ್ತ್ರಚಿಕಿತ್ಸೆ, ತಲೆಸುತ್ತು, ಗರ್ಭಾವಸ್ಥೆ ಇದೆಯೇ ಎಂಬುದನ್ನು ಎಲ್ಲರೆದುರು ಕೇಳದೆ ಪ್ರತ್ಯೇಕವಾಗಿ ವಿಚಾರಿಸಿ. ಸ್ಪರ್ಶದ ಬಗ್ಗೆ ಮಾತ್ರ ಎಲ್ಲರ ಮುಂದೆಯೇ ಸ್ಪಷ್ಟವಾಗಿ ಮಾತನಾಡಬೇಕು. ಮುಟ್ಟುವ ಮೊದಲು ಕೇಳಬೇಕು. ಬೇಡವೆಂದವರು ಕಾರಣ ಕೊಡಬೇಕಾಗಿಲ್ಲ. ಒಮ್ಮೆ ಒಪ್ಪಿದವರು ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಬದಿಗೆ ಕೂತು ನೋಡುವುದೂ ಭಾಗವಹಿಸುವಿಕೆಯೇ. ಪ್ರತಿ ಸ್ಪರ್ಶದ ಅಭ್ಯಾಸಕ್ಕೂ ಸ್ಪರ್ಶವಿಲ್ಲದ ಇನ್ನೊಂದು ರೂಪವನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದರೆ ಬೇಡವೆನ್ನುವುದು ಯಾರಿಗೂ ಮುಜುಗರದ ವಿಷಯವಾಗುವುದಿಲ್ಲ.

ನಿಲ್ಲುವುದು ಮತ್ತು ನಡೆಯುವುದು

ಕೀಲುಗಳನ್ನು ಸಡಿಲಿಸುವ ಹತ್ತು ನಿಮಿಷಗಳ ನಂತರ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ. ಪಾದಗಳು ಸೊಂಟದಷ್ಟು ಅಗಲ, ಮಂಡಿಗಳು ಬಿಗಿಯಾಗಿರದೆ, ಕಣ್ಣು ಮುಚ್ಚಿ ಅಥವಾ ಅರೆ ತೆರೆದು ಐದು ನಿಮಿಷ ನಿಂತರೆ, ನಿಶ್ಚಲವೆಂದು ನಾವು ಭಾವಿಸಿದ ದೇಹ ಒಂದು ಕ್ಷಣವೂ ನಿಶ್ಚಲವಾಗಿಲ್ಲವೆಂದು ಗೊತ್ತಾಗುತ್ತದೆ. ಭಾರ ಹಿಮ್ಮಡಿಯಿಂದ ಬೆರಳುಗಳಿಗೆ ಜಾರುತ್ತದೆ, ಕಣಕಾಲಿನ ಸುತ್ತಲಿನ ಸಣ್ಣ ಸ್ನಾಯುಗಳು ಅದನ್ನು ಹಿಂದಕ್ಕೆ ತರುತ್ತವೆ, ಪಕ್ಕೆಲುಬುಗಳು ಉಸಿರಿನೊಡನೆ ಅಗಲಗೊಳ್ಳುತ್ತವೆ. ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್ ಇದನ್ನು ಸಣ್ಣ ನೃತ್ಯವೆಂದೇ ಕರೆದು ಅಭ್ಯಾಸವಾಗಿ ಬಳಸಿದರು. ಏನನ್ನೂ ಮಾಡಿ ತೋರಿಸಬೇಕಾಗಿಲ್ಲದ ಈ ಐದು ನಿಮಿಷಗಳು, ತನಗೆ ಕುಣಿಯಲು ಬರುವುದಿಲ್ಲವೆಂಬ ಅಳುಕಿನಿಂದ ಬಂದವರಿಗೆ ದೊಡ್ಡ ಸಮಾಧಾನವನ್ನು ಕೊಡುತ್ತವೆ.

ಆ ಬಳಿಕ ನಡಿಗೆ. ಕೋಣೆಯ ಯಾವ ಮೂಲೆಯೂ ಖಾಲಿ ಉಳಿಯದಂತೆ, ವೃತ್ತಾಕಾರಕ್ಕೆ ಬೀಳದೆ, ಸಹಜ ವೇಗದಲ್ಲಿ ನಡೆಯಲು ಹೇಳಿ. ವೇಗವನ್ನು ಏರಿಸಿ, ಇಳಿಸಿ. ಇಬ್ಬರ ನಡುವಿನ ಕಿರಿದಾದ ಜಾಗದ ಮೂಲಕ ಹಾದುಹೋಗಲು ಹೇಳಿ. ಎದುರಾದವರ ಕಣ್ಣನ್ನು ಒಂದು ಕ್ಷಣ ನೋಡಿ ಮುಂದುವರಿಯಲು ಹೇಳಿ. ನಂತರ ಈ ಅಭ್ಯಾಸದ ಮುಖ್ಯ ಭಾಗಕ್ಕೆ ಬನ್ನಿ: ಯಾರೂ ಸೂಚನೆ ಕೊಡದೆ ಇಡೀ ಗುಂಪು ಒಂದೇ ಕ್ಷಣದಲ್ಲಿ ನಿಲ್ಲಬೇಕು ಮತ್ತು ಒಂದೇ ಕ್ಷಣದಲ್ಲಿ ಮತ್ತೆ ಹೊರಡಬೇಕು. ಆರಂಭದಲ್ಲಿ ಯಾರೋ ಒಬ್ಬರು ಥಟ್ಟನೆ ನಿಲ್ಲುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ತಡವಾಗಿ ನಿಲ್ಲುತ್ತಾರೆ. ಅದನ್ನು ತಪ್ಪೆಂದು ಹೇಳಬೇಡಿ, ಮತ್ತೆ ನಡೆಸಿ. ಕ್ರಮೇಣ ನಡಿಗೆ ತಾನಾಗಿಯೇ ನಿಧಾನಗೊಂಡು, ನೋಟ ಒಂದೇ ಕಡೆ ನೆಡದೆ ಅಂಚುಗಳವರೆಗೆ ಹರಡಿ, ಗುಂಪು ಒಟ್ಟಾಗಿ ನಿಲ್ಲುವ ಗಳಿಗೆ ಬರುತ್ತದೆ. ಆಗ ಕೇಳಬೇಕಾದದ್ದು, ನಿಲ್ಲುವುದು ನಿಮಗೆ ಹೇಗೆ ತಿಳಿಯಿತು ಎಂಬ ಒಂದೇ ಪ್ರಶ್ನೆ. ಉಸಿರು ಬದಲಾಯಿತು, ಸದ್ದು ಕಡಿಮೆಯಾಯಿತು, ಪಕ್ಕದವರ ಭುಜ ಇಳಿಯಿತು ಎಂಬಂತಹ ಉತ್ತರಗಳು ಬರತೊಡಗಿದರೆ, ಮಾತಿಲ್ಲದೆ ಇನ್ನೊಬ್ಬರ ಉದ್ದೇಶವನ್ನು ಓದುವ ಕಲಿಕೆ ಶುರುವಾಗಿದೆ ಎಂದು ತಿಳಿಯಬಹುದು. ಮೊದಲ ಭೇಟಿಯಲ್ಲಿ ಇಷ್ಟೇ ನಡೆದರೂ ಸಾಕು.

ಚಲನೆಯನ್ನು ಹೆಸರಿಸಲು ಮಾತುಗಳು

ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಎರಡೇ ಮಾತುಗಳಿರುವ ಗುಂಪಿನಲ್ಲಿ ಕಲಿಕೆ ಬೇಗ ನಿಂತುಹೋಗುತ್ತದೆ. ಇಲ್ಲಿ ಚಲನೆಯ ಅಧ್ಯಯನಕಾರ ರುಡಾಲ್ಫ್ ಲಾಬಾನ್ ಅವರ ವಿಶ್ಲೇಷಣೆ ಬಹಳ ಉಪಯುಕ್ತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕೆಲಸಗಾರರ ಚಲನೆಗಳನ್ನೂ ಅಧ್ಯಯನ ಮಾಡಿದ ಅವರು, ಚಲನೆಯ ಗುಣವನ್ನು ನಾಲ್ಕು ನೆಲೆಗಳಲ್ಲಿ ನೋಡಿದರು. ಭಾರದ ನೆಲೆಯಲ್ಲಿ ಚಲನೆ ಬಲವಾಗಿಯೋ ಹಗುರವಾಗಿಯೋ ಇರುತ್ತದೆ, ಕಾಲದ ನೆಲೆಯಲ್ಲಿ ಥಟ್ಟನೆಯೋ ನಿಡಿದಾಗಿಯೋ, ಸ್ಥಳದ ನೆಲೆಯಲ್ಲಿ ನೇರವಾಗಿಯೋ ಸುತ್ತಿಬಳಸಿಯೋ, ಹರಿವಿನ ನೆಲೆಯಲ್ಲಿ ಬಿಗಿಯಾಗಿಯೋ ಸಡಿಲವಾಗಿಯೋ. ಕೈಯನ್ನು ಎದುರಿಗೆ ಚಾಚುವ ಒಂದೇ ಸರಳ ಚಲನೆಯನ್ನು ಆರಿಸಿ, ಒಂದೊಂದು ನೆಲೆಯನ್ನು ಬದಲಿಸುತ್ತ ಎಲ್ಲರೂ ಮಾಡಿ ನೋಡಿ. ಬಲವಾಗಿ, ಥಟ್ಟನೆ, ನೇರವಾಗಿ ಚಾಚಿದರೆ ಅದು ಗುದ್ದಾಗುತ್ತದೆ. ಹಗುರವಾಗಿ, ನಿಡಿದಾಗಿ, ಸುತ್ತಿಬಳಸಿ ಚಾಚಿದರೆ ಅದೇ ಕೈ ಗಾಳಿಯಲ್ಲಿ ತೇಲುತ್ತದೆ.

ಪ್ರತಿಯೊಬ್ಬರಿಗೂ ರೂಢಿಯಾದ ಗುಣಗಳಿರುತ್ತವೆ. ಸದಾ ಥಟ್ಟನೆ ಚಲಿಸುವವರು ನಿಡಿದಾದ ಚಲನೆಯಲ್ಲಿ ಚಡಪಡಿಸುತ್ತಾರೆ, ಸದಾ ಹಗುರವಾಗಿರುವವರಿಗೆ ನೆಲವನ್ನು ಬಲವಾಗಿ ಒತ್ತುವುದು ಹೊಸ ಅನುಭವವಾಗುತ್ತದೆ. ತನಗೆ ಸುಲಭವಾದ ಗುಣ ಯಾವುದು, ಅಪರಿಚಿತವಾದದ್ದು ಯಾವುದು ಎಂದು ಪ್ರತಿಯೊಬ್ಬರೂ ಗುರುತಿಸಿಕೊಂಡು, ಆ ಅಪರಿಚಿತ ಗುಣ ಸಹಜವಾಗಿರುವವರ ಜೊತೆ ಕೆಲಸ ಮಾಡುವಂತೆ ಜೋಡಿಗಳನ್ನು ಮಾಡಿ. ಒಂದೇ ಬಗೆಯವರನ್ನು ಜೊತೆಗೂಡಿಸುವುದಕ್ಕಿಂತ ಇದರಿಂದ ಕಲಿಯುವುದು ಎಷ್ಟೋ ಹೆಚ್ಚು.

ಜೋಡಿಗಳಾದ ಮೇಲೆ ಕನ್ನಡಿಯ ಅಭ್ಯಾಸವನ್ನು ಮಾಡಿಸಬಹುದು: ಎದುರುಬದುರು ನಿಂತು ಒಬ್ಬರು ಚಲಿಸುತ್ತಾರೆ, ಇನ್ನೊಬ್ಬರು ಅದೇ ಕ್ಷಣದಲ್ಲಿ ಪ್ರತಿಬಿಂಬವಾಗುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಆಟದಂತೆ ಕಂಡರೂ ಇದರ ತಿರುಳು ಮುಂದಾಗಿ ಚಲಿಸುವವರ ಹೊಣೆಯಲ್ಲಿದೆ. ಎದುರಿನವರು ಹಿಂಬಾಲಿಸಲಾಗದಷ್ಟು ವೇಗವಾಗಿ ಹೋದರೆ ಸೋತದ್ದು ಹಿಂಬಾಲಿಸಿದವರಲ್ಲ, ಮುಂದಾಗಿ ಚಲಿಸಿದವರು. ಅರ್ಧ ವೇಗಕ್ಕೆ ಇಳಿಸಿ, ಅದರ ಅರ್ಧಕ್ಕೆ ಇಳಿಸಿ. ಮುಂದಾಳುತನವನ್ನು ಹೇಳದೆಯೇ ಬದಲಾಯಿಸಿಕೊಳ್ಳಲು ತಿಳಿಸಿ. ಕೊನೆಗೆ ಯಾರೂ ಮುಂದಾಳಲ್ಲವೆಂದು ಹೇಳಿ. ಮುಂದೆ ನಾಲ್ವರು ವಜ್ರಾಕಾರದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತು, ತುದಿಯಲ್ಲಿರುವವರನ್ನು ಅನುಸರಿಸುತ್ತ, ದಿಕ್ಕು ತಿರುಗಿದಾಗ ಹೊಸ ತುದಿಯವರಿಗೆ ಮುಂದಾಳುತನ ಸಲ್ಲುವಂತೆ ಇದನ್ನೇ ವಿಸ್ತರಿಸಬಹುದು.

ಭಾರವನ್ನು ಕೊಡುವುದು, ಪಡೆಯುವುದು

ಜನರನ್ನು ಹತ್ತಿರ ತರುವ ಶಕ್ತಿ ಅತಿ ಹೆಚ್ಚಾಗಿರುವುದು ಈ ಭಾಗದಲ್ಲಿ, ಆತುರಪಟ್ಟರೆ ಪೆಟ್ಟಾಗುವುದೂ ಇಲ್ಲಿಯೇ. 1972ರಲ್ಲಿ ಪ್ಯಾಕ್ಸ್‌ಟನ್ ಮತ್ತು ಸಂಗಡಿಗರು ಆರಂಭಿಸಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ಎಂಬ ಅಭ್ಯಾಸದಲ್ಲಿ ಇಬ್ಬರ ದೇಹಗಳು ತಾಗುವ ಒಂದು ಬಿಂದುವಿನಿಂದ ಚಲನೆ ಹುಟ್ಟುತ್ತದೆ, ಆ ಬಿಂದು ಉರುಳುತ್ತ ಹೋದಂತೆ ನೃತ್ಯವೂ ಸಾಗುತ್ತದೆ. ಅಲ್ಲಿಗೆ ಹೋಗುವ ಮೊದಲು ಹಲವು ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲಿನಲ್ಲಿ ಇಬ್ಬರು ಬೆನ್ನಿಗೆ ಬೆನ್ನು ತಾಗಿಸಿ ನೆಲದ ಮೇಲೆ ಕೂತು ಒಬ್ಬರ ಉಸಿರನ್ನು ಇನ್ನೊಬ್ಬರು ಬೆನ್ನಿನಿಂದ ಕೇಳಿಸಿಕೊಳ್ಳುತ್ತಾರೆ. ಬಳಿಕ ಒಬ್ಬರು ನಿಧಾನವಾಗಿ ಹಿಂದಕ್ಕೆ ಒರಗುತ್ತಾರೆ, ಇನ್ನೊಬ್ಬರು ಆ ಭಾರಕ್ಕೆ ಕುಸಿಯದೆ, ಎದುರಾಗಿ ತಳ್ಳದೆ, ಆಸರೆಯಾಗುತ್ತಾರೆ. ಇದು ಹೇಳಿದಷ್ಟು ಸುಲಭವಲ್ಲ. ಎಷ್ಟೋ ಜನ ಒರಗಿದಂತೆ ಕಂಡರೂ ಹೊಟ್ಟೆಯ ಸ್ನಾಯುಗಳಿಂದ ತಮ್ಮ ಭಾರವನ್ನು ತಾವೇ ಹಿಡಿದುಕೊಂಡಿರುತ್ತಾರೆ, ಮತ್ತು ಆಸರೆ ಕೊಡುವವರಿಗೆ ಅದು ಕೂಡಲೇ ತಿಳಿಯುತ್ತದೆ. ನಿಜವಾಗಿ ಭಾರ ಬಿಟ್ಟಾಗ ಬೆನ್ನು ಅಗಲವಾಗಿ ಹರಡುತ್ತದೆ. ಭಾರವನ್ನು ಕೊಡಲು ಬೇಕಾದ ಧೈರ್ಯ ಪಡೆಯುವ ಬಲಕ್ಕಿಂತ ದೊಡ್ಡದೆಂದು ಈ ಅಭ್ಯಾಸವನ್ನು ಮಾಡಿದವರು ಒಪ್ಪುತ್ತಾರೆಂದು ನನ್ನ ನಂಬಿಕೆ.

ಮುಂದಿನದು ಎದುರುಬದುರು ನಿಂತು ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದು ಹಿಂದಕ್ಕೆ ವಾಲುವುದು. ಬೆರಳುಗಳನ್ನಷ್ಟೇ ಹಿಡಿದರೆ ಬೆವರಿನಿಂದ ಜಾರುತ್ತದೆ, ಆದ್ದರಿಂದ ಮಣಿಕಟ್ಟನ್ನೇ ಹಿಡಿಯಬೇಕು. ಪಾದಗಳು ಹತ್ತಿರವಿರಲಿ, ತೋಳುಗಳು ನೀಳವಾಗಿರಲಿ, ಸೊಂಟ ಹಿಂದಕ್ಕೆ ಜೋತುಬೀಳದೆ ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆಯಾಗಿರಲಿ. ಒಬ್ಬರು ಹೆಚ್ಚು ತೂಕದವರಾಗಿದ್ದರೆ ಅವರು ಕಡಿಮೆ ವಾಲಿದರಾಯಿತು, ಸಮತೋಲ ಸಿಗುತ್ತದೆ. ಬೇರೆ ಬೇರೆ ತೂಕದವರು ಸಮನಾಗಿ ನಿಲ್ಲಲು ಸಮಾನ ತೂಕ ಬೇಕಾಗಿಲ್ಲವೆಂಬುದನ್ನು ದೇಹಗಳೇ ಲೆಕ್ಕ ಹಾಕಿ ತೋರಿಸುತ್ತವೆ. ಅಮೆರಿಕದ ನೃತ್ಯ ಸಂಯೋಜಕಿ ಟ್ರಿಷಾ ಬ್ರೌನ್ 1970ರಲ್ಲಿ, ಜೋಡಿಗಳು ಪಾದಕ್ಕೆ ಪಾದ ತಾಗಿಸಿ ಹೊರಕ್ಕೆ ವಾಲಿಕೊಂಡೇ ನಡೆಯುವ ಕೃತಿಯೊಂದನ್ನು ರಚಿಸಿದರು. ವಾಲುವುದು ರೂಢಿಯಾದ ಮೇಲೆ ನಿಮ್ಮ ಗುಂಪೂ ಹಾಗೆ ನಾಲ್ಕು ಹೆಜ್ಜೆ ಇಡಲು ಯತ್ನಿಸಬಹುದು.

ಯಾರನ್ನೂ ಮೇಲೆತ್ತುವ ಅಭ್ಯಾಸವನ್ನು ಅನುಭವಿ ಶಿಕ್ಷಕರಿಲ್ಲದೆ ಮಾಡಬೇಡಿ. ಭಾರವನ್ನು ಕುತ್ತಿಗೆಯ ಮೇಲೆ, ಮಂಡಿಯ ಪಕ್ಕಕ್ಕೆ, ಸೊಂಟದ ಮೇಲಿನ ಬೆನ್ನಿನ ಟೊಳ್ಳು ಭಾಗಕ್ಕೆ ಕೊಡಬಾರದು. ವಸ್ತಿಕುಹರದ (ಸೊಂಟದ ಎಲುಬುಗಳ ಕಟ್ಟಿನ) ಹಿಂಭಾಗ, ಭುಜದ ಹಲಗೆಗಳ ಪ್ರದೇಶ, ತೊಡೆಯ ಮೇಲ್ಭಾಗ ಇವು ಹೊರಬಲ್ಲ ಜಾಗಗಳು. ಆಸರೆ ಕೊಡುವವರು ಕಾಲುಗಳನ್ನು ಅಗಲಿಸಿ, ಮಂಡಿ ಮಡಿಸಿ, ತಮ್ಮ ಗುರುತ್ವ ಕೇಂದ್ರವನ್ನು ತಗ್ಗಿಸಿಕೊಳ್ಳಬೇಕು. ನೋವಾದ ಕೂಡಲೇ ‘ನಿಲ್ಲಿಸು’ ಎಂಬ ಪದವನ್ನು ಜೋರಾಗಿ ಹೇಳುವುದನ್ನು ಗುಂಪಿನೊಡನೆ ಮೊದಲೇ ಅಭ್ಯಾಸ ಮಾಡಿಸಿ.

ಪ್ರಶ್ನೆಯಿಂದ ರಚನೆಗೆ

ಕೆಲವು ಭೇಟಿಗಳಾದ ಮೇಲೆ ಗುಂಪಿಗೆ ತನ್ನದೇ ಆದದ್ದನ್ನು ಕಟ್ಟುವ ಆಸೆ ಹುಟ್ಟುತ್ತದೆ. ಜರ್ಮನಿಯ ವುಪ್ಪರ್ತಾಲ್‌ನಲ್ಲಿ ನೃತ್ಯ ರಂಗಭೂಮಿಯನ್ನು ಕಟ್ಟಿದ ಪೀನಾ ಬೌಶ್ ತಮ್ಮ ನರ್ತಕರಿಗೆ ಪ್ರಶ್ನೆಗಳನ್ನು ಕೇಳಿ, ಅವರು ಚಲನೆಯಲ್ಲಿ ಅಥವಾ ಮಾತಿನಲ್ಲಿ ಕೊಟ್ಟ ಉತ್ತರಗಳಿಂದ ಕೃತಿಗಳನ್ನು ಹೆಣೆಯುತ್ತಿದ್ದರು. ಪ್ರಶ್ನೆ ಎಷ್ಟು ನಿರ್ದಿಷ್ಟವಾಗಿರುತ್ತದೋ ಉತ್ತರ ಅಷ್ಟು ಸ್ವಂತದ್ದಾಗಿರುತ್ತದೆ. ದುಃಖವನ್ನು ತೋರಿಸಿ ಎಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಯಾರನ್ನೋ ಕಾಯುತ್ತಿರುವಾಗ ನಿಮ್ಮ ಕೈಗಳು ಏನು ಮಾಡುತ್ತವೆ ಎಂದು ಕೇಳಿದರೆ ಹತ್ತು ಜನರಿಂದ ಹತ್ತು ಬೇರೆ ಉತ್ತರಗಳು ಬರುತ್ತವೆ.

ಪ್ರತಿಯೊಬ್ಬರೂ ತಮ್ಮ ಉತ್ತರವಾಗಿ ಮೂರು ಚಲನೆಗಳನ್ನು ಕಟ್ಟಿ, ಮತ್ತೆ ಮತ್ತೆ ಮಾಡಿ ಖಚಿತಪಡಿಸಿಕೊಳ್ಳಲಿ. ಬಳಿಕ ಅವನ್ನು ಜೊತೆಗಾರರಿಗೆ ಮಾತಿಲ್ಲದೆ ಕಲಿಸಲಿ. ಇಡೀ ವಿಧಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು. ಕಲಿಸಹೊರಟವರಿಗೆ ತಮ್ಮ ಚಲನೆ ತಮಗೇ ಪೂರ್ತಿ ಗೊತ್ತಿಲ್ಲವೆಂದು ತಿಳಿಯುತ್ತದೆ: ಭಾರ ಯಾವ ಕಾಲಿನ ಮೇಲಿತ್ತು, ತಲೆ ಕೈಗಿಂತ ಮೊದಲು ತಿರುಗಿತೋ ನಂತರವೋ, ಉಸಿರು ಎಲ್ಲಿ ನಿಂತಿತು ಎಂಬುದನ್ನು ಅವರು ಹಿಂದಿರುಗಿ ಹುಡುಕಬೇಕಾಗುತ್ತದೆ. ಕಲಿಯುವವರು ಇನ್ನೊಬ್ಬರ ರೂಢಿಯನ್ನು, ಆತುರವನ್ನು, ಹಿಂಜರಿಕೆಯನ್ನು ತಮ್ಮ ಮೈಮೇಲೆ ಧರಿಸಿ ನೋಡುತ್ತಾರೆ. ಇಬ್ಬರ ಆರು ಚಲನೆಗಳನ್ನು ಜೋಡಿಸುವ ಕ್ರಮವನ್ನು ದಾಳ ಹಾಕಿ ನಿರ್ಧರಿಸಬಹುದು. ಕನ್ನಿಂಗ್‌ಹ್ಯಾಮ್ 1950ರ ದಶಕದಲ್ಲಿ ನಾಣ್ಯ ಚಿಮ್ಮಿ ಚಲನೆಗಳ ಕ್ರಮವನ್ನು ಕಂಡುಕೊಂಡಿದ್ದರು. ಯಾರ ಇಷ್ಟ ಮೇಲಾಗಬೇಕೆಂಬ ತಿಕ್ಕಾಟವನ್ನು ಅದು ತಪ್ಪಿಸುತ್ತದೆ, ಯಾರೂ ಊಹಿಸದ ಸಂಧಿಗಳನ್ನೂ ಕೊಡುತ್ತದೆ. ಆ ಬಳಿಕ ಒಟ್ಟಿಗೆ ಮಾಡುವುದು, ಒಬ್ಬರ ಹಿಂದೆ ಒಬ್ಬರು ತಡವಾಗಿ ಆರಂಭಿಸುವುದು, ಹಿಂದುಮುಂದಾಗಿ ಮಾಡುವುದು, ಕೋಣೆಯಷ್ಟು ದೊಡ್ಡದಾಗಿ ಇಲ್ಲವೇ ಅಂಗೈಯಷ್ಟು ಚಿಕ್ಕದಾಗಿ ಮಾಡುವುದು ಮುಂತಾದ ಮಾರ್ಪಾಡುಗಳಿಂದ ರಚನೆ ಬೆಳೆಯುತ್ತದೆ.

ರಚನೆಯನ್ನು ನೋಡಿದವರು ಅದರ ಬಗ್ಗೆ ಮಾತನಾಡುವುದಕ್ಕೂ ಒಂದು ಕ್ರಮ ಬೇಕು. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತಗಳ ಪ್ರತಿಕ್ರಿಯಾ ವಿಧಾನದಲ್ಲಿ, ನೋಡಿದವರು ಮೊದಲು ತಮ್ಮನ್ನು ಸೆಳೆದದ್ದು, ತಮಗೆ ಅರ್ಥಪೂರ್ಣವೆನಿಸಿದ್ದು ಯಾವುದೆಂದು ಹೇಳುತ್ತಾರೆ. ಬಳಿಕ ರಚಿಸಿದವರು ತಮಗಿರುವ ಪ್ರಶ್ನೆಗಳನ್ನು ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಯದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯಲ್ಲಿ, ರಚಿಸಿದವರು ಒಪ್ಪಿದರೆ ಮಾತ್ರ, ಅಭಿಪ್ರಾಯ ಹೇಳುತ್ತಾರೆ. ಮೂರನೆಯ ಹಂತವೇ ಕಠಿಣ. ಇಷ್ಟೊಂದು ನಿಧಾನ ಯಾಕೆ ಎಂಬುದು ಪ್ರಶ್ನೆಯ ವೇಷದಲ್ಲಿರುವ ತೀರ್ಪು. ವೇಗವನ್ನು ನೀವು ಹೇಗೆ ನಿರ್ಧರಿಸಿದಿರಿ ಎಂಬುದು ಪ್ರಶ್ನೆ.

ಎಲ್ಲ ಬಗೆಯ ದೇಹಗಳು

1991ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕ್ಯಾಂಡೋಕೊ ತಂಡದಲ್ಲಿ ಅಂಗವಿಕಲತೆ ಇರುವ ಮತ್ತು ಇಲ್ಲದ ನರ್ತಕರು ಒಟ್ಟಿಗೆ ಕೆಲಸ ಮಾಡುತ್ತ ಬಂದಿದ್ದಾರೆ. ಬೌಶ್ 1978ರಲ್ಲಿ ರಚಿಸಿದ ಕೃತಿಯೊಂದನ್ನು 2000ದಲ್ಲಿ ಅರವತ್ತೈದು ದಾಟಿದ, ವೃತ್ತಿಪರರಲ್ಲದ ಸ್ತ್ರೀಪುರುಷರೊಂದಿಗೆ ಮತ್ತೆ ರಂಗಕ್ಕೆ ತಂದರು, 2008ರಲ್ಲಿ ಅದನ್ನೇ ಹದಿಹರೆಯದವರೂ ಆಡಿದರು. ಆದ್ದರಿಂದ ಮಿಶ್ರ ಗುಂಪು ಎಂದರೆ ಮಟ್ಟವನ್ನು ಇಳಿಸಿದ ಗುಂಪಲ್ಲ. ಕೆಲಸವನ್ನು ಅಂಗದ ಹೆಸರಿನಿಂದ ಹೇಳುವ ಬದಲು ಉದ್ದೇಶದಿಂದ ಹೇಳಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ: ಕಾಲನ್ನು ಮೇಲೆತ್ತಿ ಎನ್ನುವ ಬದಲು ನಿಮ್ಮಿಂದ ಅತಿ ದೂರಕ್ಕೆ ಏನನ್ನಾದರೂ ಚಾಚಿ ಎಂದರೆ ಗಾಲಿಕುರ್ಚಿಯಲ್ಲಿರುವವರೂ ಕಲಾತ್ಮಕ ಆಯ್ಕೆಯೊಂದನ್ನು ಮಾಡುತ್ತಾರೆ. ಗಾಲಿಕುರ್ಚಿ ಅದನ್ನು ಬಳಸುವವರ ದೇಹದ ಭಾಗವೇ ಆಗಿರುವುದರಿಂದ ಅದನ್ನು ಮುಟ್ಟುವ ಮೊದಲೂ ಅನುಮತಿ ಕೇಳಬೇಕು. ಕಿವಿ ಕೇಳದವರಿದ್ದರೆ ಆರಂಭ ಮತ್ತು ನಿಲುಗಡೆಯ ಸೂಚನೆಗಳು ಕಣ್ಣಿಗೆ ಕಾಣುವಂತಿರಲಿ. ಕಣ್ಣು ಕಾಣದವರಿದ್ದರೆ ಕೋಣೆಯನ್ನು ಮೊದಲು ಅವರೊಂದಿಗೆ ಸುತ್ತಿ ಪರಿಚಯಿಸಿ, ಕನ್ನಡಿಯ ಅಭ್ಯಾಸವನ್ನು ಅಂಗೈಗೆ ಅಂಗೈ ತಾಗಿಸಿ ನಡೆಸಿ. ವಯಸ್ಸಾದವರಿಗೆ ಗೋಡೆಗೆ ಒತ್ತಿ ಇಟ್ಟ, ಜಾರದ ಕುರ್ಚಿ ಇರಲಿ.

ತರಬೇತಿ ಪಡೆದ ನರ್ತಕರು ಗುಂಪಿನಲ್ಲಿದ್ದರೆ ಅವರಿಗೆ ಬೇರೆಯದೇ ತೊಡಕು ಎದುರಾಗುತ್ತದೆ. ಬಲ್ಲ ಚಲನೆಗಳು ತಾವಾಗಿ ಹೊರಬರುವುದರಿಂದ ಜೊತೆಗಾರರನ್ನು ಕೇಳಿಸಿಕೊಳ್ಳುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಕಣ್ಣು ಮುಚ್ಚಿ ಮಾಡುವ ಅಥವಾ ಅತಿ ನಿಧಾನವಾಗಿ ಮಾಡುವ ಕೆಲಸಗಳನ್ನು ಅವರಿಗೆ ಕೊಡಿ. ಆರಂಭದ ನಗುವಿನ ಬಗ್ಗೆ ಚಿಂತಿಸಬೇಕಾಗಿಲ್ಲ, ಅದು ತಾನಾಗಿ ಕರಗುತ್ತದೆ.

ತೋರಿಸಬೇಕೆನಿಸಿದರೆ

ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷಗಳನ್ನು ನೆಲದ ಮೇಲೆ ಮಲಗಿ ಉಸಿರನ್ನು ಇಳಿಸಿಕೊಳ್ಳುವುದಕ್ಕೂ, ಆ ದಿನ ಇನ್ನೊಬ್ಬರಲ್ಲಿ ಗಮನಿಸಿದ ಒಂದು ಚಲನೆಯನ್ನು ಪ್ರತಿಯೊಬ್ಬರೂ ಎರಡು ಸಾಲಿನಲ್ಲಿ ಬರೆದಿಡುವುದಕ್ಕೂ ಮೀಸಲಿಡಿ. ಗುಂಪು ತನ್ನ ರಚನೆಯನ್ನು ಹೊರಗಿನವರಿಗೆ ತೋರಿಸಲು ಒಮ್ಮತದಿಂದ ಒಪ್ಪಿದರೆ ಆ ಬರಹಗಳು ಆಗ ಕೆಲಸಕ್ಕೆ ಬರುತ್ತವೆ, ಏಕೆಂದರೆ ಯಾವ ಚಲನೆ ಯಾರಿಗೆ ತಲುಪಿತ್ತೆಂಬುದು ಅವುಗಳಲ್ಲಿ ಇರುತ್ತದೆ. ಪ್ರೇಕ್ಷಕರು ಇಪ್ಪತ್ತಕ್ಕಿಂತ ಹೆಚ್ಚಿರುವುದು ಬೇಡ. ಅವರನ್ನು ಒಂದೇ ದಿಕ್ಕಿನಲ್ಲಿ ಕೂರಿಸದೆ ಕೋಣೆಯ ನಾಲ್ಕೂ ಬದಿಗಳಲ್ಲಿ ಕೂರಿಸಿದರೆ ನರ್ತಿಸುವವರು ಪ್ರೇಕ್ಷಕರತ್ತ ಮುಖ ಮಾಡುವ ಬದಲು ಪರಸ್ಪರರತ್ತಲೇ ಮುಖ ಮಾಡಿರಲು ಸಾಧ್ಯವಾಗುತ್ತದೆ. ರಚನೆ ಮುಗಿದ ಮೇಲೆ ಮನಸ್ಸಿರುವ ಪ್ರೇಕ್ಷಕರನ್ನು ಎಬ್ಬಿಸಿ, ಮೊದಲ ದಿನ ಗುಂಪು ಮಾಡಿದ ನಡಿಗೆಯ ಅಭ್ಯಾಸವನ್ನು ಗುಂಪಿನ ಸದಸ್ಯರೇ ಅವರಿಗೆ ಕಲಿಸಲಿ. ಒಬ್ಬ ಸದಸ್ಯರಿಗೆ ಇಬ್ಬರು ಹೊಸಬರಿಗಿಂತ ಹೆಚ್ಚು ಬರದಂತೆ ನೋಡಿಕೊಳ್ಳಿ, ಮತ್ತು ಅವರಲ್ಲಿ ಮುಂದಿನ ಭೇಟಿಗೆ ಬರಬಯಸುವವರಿದ್ದರೆ ಸ್ಪರ್ಶದ ನಿಯಮಗಳನ್ನು ಆ ದಿನವೇ ತಿಳಿಸಿ ಕಳುಹಿಸಿ.